ಹಿತ್ತಿಲಲ್ಲಿ ಎರಡು ಹಂದಿ, ಬೇಲಿಯಾಚೆ ನೆರೆಮನೆ

ಹಂದಿ ಸಾಕಬೇಕೆಂದು ಯಾರಾದರೂ ಸಲಹೆ ಕೇಳಿಕೊಂಡು ಬಂದರೆ, ತಳಿ, ಮೇವು, ಲಾಭದ ಮಾತಿಗೆ ಮೊದಲು ನಾನು ಕೇಳುವುದು ಒಂದೇ: “ನಿಮ್ಮ ಮೂಡಿನ ಮನೆಯಲ್ಲಿ ಯಾರಿದ್ದಾರೆ? ಪಡುವಿನ ಮನೆಯಲ್ಲಿ ಯಾರಿದ್ದಾರೆ?” ನಮ್ಮ ಕರಾವಳಿಯಲ್ಲಿ ಹಗಲು ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುತ್ತದೆ. ಹಾಗಾಗಿ ಗೂಡಿನ ವಾಸನೆ ಮಧ್ಯಾಹ್ನ ಮೂಡಿನ ಮನೆಗೆ, ರಾತ್ರಿ ಮತ್ತು ನಸುಕಿಗೆ ಪಡುವಿನ ಮನೆಗೆ. ಹಗಲಿನದು ಅಷ್ಟು ಕಷ್ಟವಲ್ಲ, ಗಾಳಿ ಜೋರಾಗಿದ್ದು ಚದುರಿಸಿಬಿಡುತ್ತದೆ. ತೊಂದರೆ ಇರುವುದು ರಾತ್ರಿಯಲ್ಲಿ. ನೆಲ ತಣಿದು ಗಾಳಿ ನಿಂತಾಗ ನೆಲಮಟ್ಟದ ತಂಪು ಗಾಳಿ ಮೇಲೇಳದೆ ಅಲ್ಲೇ ಕೂರುತ್ತದೆ, ವಾಸನೆಯನ್ನೂ ಕೂರಿಸಿಕೊಂಡು ನಿಧಾನಕ್ಕೆ ತಗ್ಗಿನ ಕಡೆ ಹರಿಯುತ್ತದೆ. ಮಧ್ಯಾಹ್ನ ಗೂಡಿನ ಪಕ್ಕ ನಿಂತು ಮೂಸಿ “ಏನೂ ಇಲ್ಲವಲ್ಲ” ಎಂದರೆ ಉಪಯೋಗವಿಲ್ಲ. ಬೆಳಗ್ಗೆ 5.30ಕ್ಕೆ ಎದ್ದು ನೆರೆಮನೆಯ ಬೇಲಿಯ ಹತ್ತಿರ ನಿಲ್ಲಬೇಕು. ಅದೂ ಸಾಲದು, ನಮ್ಮ ಮೂಗು ಒಗ್ಗಿಹೋಗಿರುತ್ತದೆ. ರಜೆಯಲ್ಲಿ ಪರವೂರಿನಿಂದ ಬಂದ ಮಗಳನ್ನೋ ಅಳಿಯನನ್ನೋ ಕರೆದು ನಿಲ್ಲಿಸಿದರೆ ಸತ್ಯ ಗೊತ್ತಾಗುತ್ತದೆ.

ನಮ್ಮದು ಉಡುಪಿ ಕಡೆ, 18 ಸೆಂಟ್ಸ್ ಜಾಗ. ಮನೆ, ಬಾವಿ, ಏಳು ತೆಂಗಿನ ಮರ, ಮೂವತ್ತು ಮಲ್ಲಿಗೆ ಗಿಡ, ಬಡಗು ಬದಿಯಲ್ಲಿ ಗದ್ದೆಗೆ ತಾಗಿ ಹಂದಿ ಗೂಡು. ಮೂಡಿಗೆ ಒಂದು ಮನೆ, ಪಡುವಿಗೆ ಒಂದು ಮನೆ. ಮದುವೆಗೋ ಕ್ರಿಸ್ಮಸ್‌ಗೋ ದುಕ್ರಾ ಮಾಸ್ ಬೇಕೆಂದರೆ ಹಿತ್ತಿಲಲ್ಲೇ ಹಂದಿ ಬೆಳೆಸುವುದು ನಮ್ಮ ಹಿರಿಯರ ಕ್ರಮ. ಕೊಡಗಿನಲ್ಲೂ ಹಾಗೆಯೇ. ಆದರೆ ನನ್ನ ಅಜ್ಜಿಯ ಕಾಲದಲ್ಲಿ ನೆರೆಮನೆ ಎಂದರೆ ಎರಡು ಗದ್ದೆಯಾಚೆ. ಈಗ ನಮ್ಮ ಅಡುಗೆ ಮನೆಯ ಕಿಟಕಿಗೂ ಪಡುವಿನವರ ಮಲಗುವ ಕೋಣೆಗೂ ನಡುವೆ ಮೂವತ್ತೈದು ಅಡಿ. ಅಜ್ಜಿ ಸಾಕಿದಂತೆ ಸಾಕಿದರೆ ಈಗ ನಡೆಯುವುದಿಲ್ಲ. ಹತ್ತು ಸೆಂಟ್ಸಿಗಿಂತ ಕಡಿಮೆ ಜಾಗ, ನಾಲ್ಕೂ ಸುತ್ತ ಮನೆ ಎಂದಿದ್ದರೆ ಸಾಕಬೇಡಿ ಎಂದೇ ನಾನು ಹೇಳುವುದು. ಅದಕ್ಕಿಂತ ಹೆಚ್ಚಿದ್ದು, ಒಂದು ಬದಿಯಾದರೂ ಗದ್ದೆ, ತೋಟ ಇದ್ದರೆ ಎರಡು ಹಂದಿಯನ್ನು ಯಾರಿಗೂ ಕಿರಿಕಿರಿಯಾಗದಂತೆ ಸಾಕಬಹುದು.

ವಾಸನೆ ಎಲ್ಲಿಂದ ಹುಟ್ಟುತ್ತದೆ

ಹಂದಿ ಕೊಳಕು ಪ್ರಾಣಿ ಎನ್ನುವವರಿಗೆ ನಮ್ಮ ಗೂಡನ್ನು ಒಮ್ಮೆ ತೋರಿಸಬೇಕು ಅನ್ನಿಸುತ್ತದೆ. ಜಾಗ ಕೊಟ್ಟರೆ ಹಂದಿ ಮಲಗುವಲ್ಲಿ ಎಂದೂ ಹೊಲಸು ಮಾಡುವುದಿಲ್ಲ. ತಂದ ಎರಡನೇ ದಿನದಿಂದಲೇ ಒಂದು ಮೂಲೆಯನ್ನು ಗೊತ್ತು ಮಾಡಿಕೊಂಡು ಅಲ್ಲಿಗೇ ಹೋಗಿ ಬರುತ್ತದೆ. ಕೆಸರಲ್ಲಿ ಹೊರಳುವುದು ಕೂಡ ಅದರ ಅನಿವಾರ್ಯ. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಆಗುವುದಿಲ್ಲ. ಸೆಕೆ 30 ಡಿಗ್ರಿ ದಾಟಿದರೆ ಒದ್ದೆ ಹುಡುಕುತ್ತದೆ, ಒಳ್ಳೆಯ ನೀರು ಸಿಗದಿದ್ದರೆ ತನ್ನ ಮೂತ್ರದಲ್ಲೇ ಹೊರಳುತ್ತದೆ. ಹೊರಳಲು ಬಿಟ್ಟದ್ದು ನಾವು, ಹೆಸರು ಕೆಟ್ಟದ್ದು ಹಂದಿಯದು.

ಮೂಗಿಗೆ ಬಡಿಯುವ ವಾಸನೆಯ ಮುಖ್ಯ ಭಾಗ ಅಮೋನಿಯ. ಮೂತ್ರದಲ್ಲಿ ಯೂರಿಯ ಇರುತ್ತದೆ, ಅದು ತಾನಾಗಿ ಅಷ್ಟೇನೂ ನಾರುವುದಿಲ್ಲ. ಲದ್ದಿಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವವನ್ನು ಮಾಡುತ್ತವೆ. ಎರಡೂ ಕೂಡಿದಲ್ಲಿ ಯೂರಿಯ ಒಡೆದು ಅಮೋನಿಯ ಎದ್ದು ಬರುತ್ತದೆ. ಇನ್ನೊಂದು, ಕೊಳೆತ ಮೊಟ್ಟೆಯಂಥ ವಾಸನೆ. ಅದು ಲದ್ದಿ ನೀರಿನಲ್ಲಿ ಮುಳುಗಿ ಗಾಳಿಯಾಡದೆ ಕೊಳೆತಾಗ ಬರುವುದು. ಅಂದರೆ ವಾಸನೆ ಹಂದಿಯ ಹೊಟ್ಟೆಯಿಂದ ಬಂದದ್ದಕ್ಕಿಂತ ಆಮೇಲೆ ನೆಲದ ಮೇಲೆ, ಗುಂಡಿಯೊಳಗೆ ತಯಾರಾದದ್ದೇ ಹೆಚ್ಚು. ಲದ್ದಿ ಮತ್ತು ಮೂತ್ರ ಕೂಡದಂತೆ, ಲದ್ದಿ ನೀರಲ್ಲಿ ನೆನೆಯದಂತೆ ನೋಡಿಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು.

ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ನಾರುತ್ತದೆಂದು ಪೈಪ್ ಹಿಡಿದು ದಿನಕ್ಕೆ ಮೂರು ಸಲ ಇಡೀ ಗೂಡಿಗೆ ನೀರು ಹೊಡೆಯುತ್ತಾರೆ. 80 ಕಿಲೋ ತೂಗುವ ಹಂದಿ ದಿನಕ್ಕೆ ಲದ್ದಿ, ಮೂತ್ರ ಸೇರಿ ಸುಮಾರು 5 ಕಿಲೋ ಹಾಕುತ್ತದೆ, ಎರಡಕ್ಕೆ 10 ಕಿಲೋ. ಬುಟ್ಟಿಯಲ್ಲಿ ಎತ್ತಿ ಒಯ್ಯಬಹುದಾದದ್ದು. ಅದಕ್ಕೆ ಪೈಪಿನ ನೀರು ಬೆರೆತರೆ ನೂರು ಲೀಟರ್ ರಾಡಿ ಆಗುತ್ತದೆ, ಅದನ್ನು ಎತ್ತಲೂ ಆಗದು, ಇಂಗಿಸಲೂ ಆಗದು. ನನ್ನ ಕ್ರಮ ಹೀಗೆ: ಬೆಳಗ್ಗೆ ಆರಕ್ಕೆ ತಗಡಿನ ಸಲಿಕೆಯಲ್ಲಿ ಲದ್ದಿ ಒಣದಾಗಿಯೇ ಕೆರೆದು ಬುಟ್ಟಿಗೆ ತುಂಬುವುದು. ಆ ಜಾಗಕ್ಕೆ ಮಾತ್ರ ಒಂದು ಕೊಡ ನೀರು ಹಾಕಿ ಕಡ್ಡಿಹಿಡಿಯಿಂದ ಉಜ್ಜುವುದು. ಸಂಜೆಯೂ ಅಷ್ಟೇ. ಎರಡೂ ಹೊತ್ತಿನದು ಸೇರಿ ಇಪ್ಪತ್ತು ನಿಮಿಷ ಸಾಕು.

ಗೂಡು

ಎರಡು ಹಂದಿಗೆ ಮಾಡಿನ ಅಡಿ 8 ಅಡಿ ಉದ್ದ, 6 ಅಡಿ ಅಗಲದ ಜಾಗ, ಅದಕ್ಕೆ ತಾಗಿ ಅಷ್ಟೇ ದೊಡ್ಡ ಅಂಗಳ ಇದ್ದರೆ ಧಾರಾಳ. ಎತ್ತರದ ತುದಿಯಲ್ಲಿ ಮಲಗುವ ಜಾಗ, ಅಲ್ಲಿ ಬೈಹುಲ್ಲು. ತಗ್ಗಿನ ತುದಿಯಲ್ಲಿ ಕುಡಿಯುವ ನೀರು. ನೀರಿನ ತೊಟ್ಟಿ ಎಲ್ಲಿದೆ ಎಂಬುದು ಸಣ್ಣ ಸಂಗತಿಯಲ್ಲ. ಹಂದಿ ಹೊಲಸು ಮಾಡಲು ತಂಪಾದ, ಒದ್ದೆಯಾದ, ಮಲಗುವಲ್ಲಿಂದ ದೂರದ ಮೂಲೆಯನ್ನೇ ಆರಿಸುತ್ತದೆ. ಮರಿಗಳನ್ನು ತರುವ ದಿನ ಮಲಗುವ ಜಾಗ ಒಣಗಿರಲಿ, ನೀರಿನ ಮೂಲೆಯನ್ನು ನೀವೇ ಒದ್ದೆ ಮಾಡಿ, ಅಲ್ಲಿ ಹಳೆಯ ಲದ್ದಿ ಒಂದು ಹಿಡಿ ಇಡಿ. ಮೊದಲ ಮೂರು ದಿನ ಕಾದರೆ ಮತ್ತೆ ಎಂಟು ತಿಂಗಳು ಆ ಮೂಲೆ ಬದಲಾಗುವುದಿಲ್ಲ.

ನೆಲ ಒರಟು ಸಿಮೆಂಟಿನದಾಗಿರಲಿ. ಚಂದ ಕಾಣಲೆಂದು ನಯ ಮಾಡಿಸಿದರೆ ಹಂದಿ ಜಾರಿ ಕಾಲು ಮುರಿದುಕೊಳ್ಳುತ್ತದೆ. 12 ಅಡಿ ಉದ್ದಕ್ಕೆ 4 ಇಂಚು ಇಳಿಜಾರು ಇದ್ದರೆ ಮೂತ್ರ ನಿಲ್ಲದೆ ಹರಿದು ಚರಂಡಿ ಸೇರುತ್ತದೆ, ಲದ್ದಿ ಮೇಲೆಯೇ ಉಳಿಯುತ್ತದೆ. ಬೇರ್ಪಡಿಸುವ ಕೆಲಸವನ್ನು ಈ ಇಳಿಜಾರೇ ಮಾಡುವುದು. ಗೋಡೆ ಮುರಕಲ್ಲಿನದು, 4 ಅಡಿ ಎತ್ತರ ಸಾಕು, ಆದರೆ ಕಲ್ಲಿನ ಸಂದುಗಳಿಗೆ ಗಾರೆ ತುಂಬಿಸಿರಬೇಕು. ಒಂದು ಸಂದು ಸಿಕ್ಕಿದರೆ ಸಾಕು, ಮೂತಿ ತೂರಿಸಿ ತೂರಿಸಿ ಕಲ್ಲನ್ನೇ ಸಡಿಲಿಸುತ್ತದೆ. ಹಂದಿಯ ಬಲ ಇರುವುದು ಮೇಲಕ್ಕೆ ಎತ್ತುವುದರಲ್ಲಿ. ಸಾಧಾರಣ ಗೇಟನ್ನು ಮೂತಿಯಿಂದ ಎತ್ತಿ ತಿರುಗಣಿಯಿಂದ ಕಳಚಿಬಿಡುತ್ತದೆ. ಅದಕ್ಕೆ ಮೇಲಿನ ತಿರುಗಣಿಯನ್ನು ತಲೆಕೆಳಗಾಗಿ ಹಾಕಿಸಬೇಕು, ಕೆಳಗೂ ಒಂದು ಚಿಲಕ ಬೇಕು. ಮಾಡಿಗೆ ಹಂಚಾದರೆ ಒಳ್ಳೆಯದು. ತಗಡು ಹಾಕಿದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಮಡಲು ಹಾಸಿ.

ಸಿಮೆಂಟು ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ. ಕೊರಿಯಾದ ಚೋ ಹಾನ್-ಕ್ಯು ಎಂಬ ರೈತ ಗುರು ರೂಢಿಗೆ ತಂದ ನೈಸರ್ಗಿಕ ಕೃಷಿಯಲ್ಲಿ ಹಂದಿಯನ್ನು ಎರಡು ಮೂರು ಅಡಿ ದಪ್ಪದ ಮರದ ಹೊಟ್ಟಿನ ಹಾಸಿನ ಮೇಲೆ ಸಾಕುತ್ತಾರೆ. ಹಂದಿ ಮೂತಿಯಿಂದ ಕೆದಕುತ್ತಿದ್ದಂತೆ ಲದ್ದಿ ಹೊಟ್ಟಿನೊಳಗೆ ಬೆರೆತು ಅಲ್ಲೇ ಗೊಬ್ಬರವಾಗುತ್ತದೆ, ತೊಳೆಯುವುದೇ ಇಲ್ಲ. ಬಯಲುಸೀಮೆಗೆ ಇದು ಚೆನ್ನಾಗಿ ಹೊಂದುತ್ತದೆ. ನಮ್ಮ ಕಡೆ ಆಟಿಯ ಮಳೆಗೆ ಇರಿಚಲು ಹೊಡೆದು ಹಾಸು ಒಮ್ಮೆ ನೆನೆದರೆ ಇಡೀ ಗೂಡೇ ಕೊಳೆಯುತ್ತದೆ. ಮಾಡು ನಾಲ್ಕೂ ಬದಿಗೆ ಮೂರು ಅಡಿ ಚಾಚಿದ್ದು, ನೆಲ ಎತ್ತರದಲ್ಲಿದ್ದರೆ ಮಾತ್ರ ಕೈಹಾಕಿ.

ಮಳೆಯ ಲೆಕ್ಕ

ನಾನು ತಪ್ಪಿದ್ದು ಇಲ್ಲಿಯೇ. ಮೊದಲ ವರ್ಷ ಮೂತ್ರದ ಚರಂಡಿಯ ಕೊನೆಗೆ ಬರೀ ಮಣ್ಣಿನ ಗುಂಡಿ ತೋಡಿಸಿದ್ದೆ, ಇಂಗಿಹೋಗುತ್ತದೆ ಎಂಬ ಧೈರ್ಯ. ಅಂಗಳಕ್ಕೆ ಮಾಡು ಇರಲಿಲ್ಲ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. 48 ಚದರಡಿಯ ಅಂಗಳಕ್ಕೆ ಬೀಳುವ ನೀರು ಆ ಲೆಕ್ಕದಲ್ಲಿ ಸುಮಾರು 18,000 ಲೀಟರ್. ಅದರ ಬಹುಪಾಲು ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಲೆಕ್ಕವನ್ನು ನಾನು ಹಾಕಿದ್ದು ಗುಂಡಿ ತುಂಬಿ ಉಕ್ಕಿದ ಮೇಲೆ. ಜೂನ್ ಕೊನೆಯ ವಾರ ಪಡುವಿನ ಮನೆಯ ಅಕ್ಕ ಕೊಡೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತರು. “ಬಾಯಮ್ಮಾ, ವಾಸನೆಯನ್ನು ನಾವು ಹೇಗೋ ತಡೆದುಕೊಳ್ಳುತ್ತೇವೆ. ಬಾವಿಗೆ ಬಂದರೆ ಏನು ಮಾಡುವುದು, ನೀವೇ ಹೇಳಿ.” ಹೋಗಿ ನೋಡಿದರೆ ನಮ್ಮ ಗುಂಡಿಯ ಕಪ್ಪು ನೀರು ಅವರ ಕಣಿಯಲ್ಲಿ ಹರಿಯುತ್ತಿತ್ತು, ಬಾವಿಕಟ್ಟೆಗೆ ಹದಿನೈದು ಹೆಜ್ಜೆ. ಆ ದಿನ ನನಗೆ ಊಟ ಸೇರಲಿಲ್ಲ. ಎರಡು ವಾರ ಅವರ ಮನೆಗೆ ಕುಡಿಯುವ ನೀರು ನಾವೇ ಹೊರಿಸಿಕೊಟ್ಟೆವು, ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದೆವು.

ಮುರಕಲ್ಲಿನ ನೆಲದ ಗುಣ ತಿಳಿದಿರಬೇಕು. ಅದು ತೂತುತೂತಿನ ಕಲ್ಲು, ಮೇಲೆ ಸುರಿದದ್ದು ಸೋಸಿಹೋಗದೆ ಸೆರೆಗಳ ಮೂಲಕ ನೇರ ಬಾವಿಯ ಕಡೆ ಹೋಗುತ್ತದೆ. ಬಾವಿಗೂ ಗೂಡಿಗೂ ಕಡಿಮೆಯೆಂದರೆ 50 ಅಡಿ ಇರಬೇಕು, ಗೂಡು ಬಾವಿಗಿಂತ ತಗ್ಗಿನಲ್ಲಿರಬೇಕು, ಮುರಕಲ್ಲಿನಲ್ಲಿ ದೂರ ಇನ್ನೂ ಹೆಚ್ಚಿದ್ದಷ್ಟು ಒಳ್ಳೆಯದು. ನಮ್ಮ ಬಾವಿ ಮಾತ್ರವಲ್ಲ, ನೆರೆಯವರ ಬಾವಿಯನ್ನೂ ಅಳೆಯಬೇಕು. ಈಗ ನಮ್ಮ ಗುಂಡಿ ಒಳಗೆಲ್ಲ ಸಿಮೆಂಟು ಗಿಲಾವು ಮಾಡಿದ್ದು, 500 ಲೀಟರಿನದು, ಮೇಲೆ ಹಾಸುಗಲ್ಲು. ಅಂಗಳಕ್ಕೂ ಮೇ ಕೊನೆಗೆ ಮಾಡು ಏರುತ್ತದೆ, ಮಾಡಿನ ನೀರು ಬೇರೆಯೇ ದಂಬೆಯಲ್ಲಿ ಗದ್ದೆಗೆ. ಗುಂಡಿಯಲ್ಲಿ ನಿಂತ ಮೂತ್ರಕ್ಕೆ ಹತ್ತು ಪಾಲು ನೀರು ಬೆರೆಸಿ ತೆಂಗಿನ ಬುಡಕ್ಕೆ ಹಾಕುತ್ತೇನೆ. ಕಾಲಿಗೆ ಗಂಬೂಟು ಇಲ್ಲದೆ ಆ ಕೆಲಸಕ್ಕೆ ಇಳಿಯಬಾರದು. ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರ ಇದ್ದೇ ಇದೆ. ಅದರ ರೋಗಾಣು ಇಲಿಯಿಂದ ಮಾತ್ರವಲ್ಲ, ಹಂದಿಯ ಮೂತ್ರದಿಂದಲೂ ಕಾಲಿನ ಗಾಯದ ಮೂಲಕ ನಮ್ಮೊಳಗೆ ಸೇರುತ್ತದೆ.

ಬುಟ್ಟಿಯ ಲದ್ದಿ ಹೋಗುವುದು ಗೊಬ್ಬರದ ಗುಂಡಿಗೆ. ಇಂಥವು ಎರಡು ಬೇಕು, ಒಂದು ತುಂಬುತ್ತಿದ್ದರೆ ಇನ್ನೊಂದು ಮಾಗುತ್ತಿರುತ್ತದೆ. ಒಂದು ಬುಟ್ಟಿ ಲದ್ದಿಗೆ ಎರಡು ಬುಟ್ಟಿ ಒಣ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಅಥವಾ ಅಡಿಕೆ ಸಿಪ್ಪೆ. ಲದ್ದಿ ಒಂದು ಗಂಟೆಯೂ ತೆರೆದು ಕಾಣುವಂತೆ ಬಿಡಬಾರದು. ನಮ್ಮ ಸೆಕೆಗೆ ಮನೆನೊಣ ಮೊಟ್ಟೆಯಿಂದ ಹಾರುವ ತನಕ ಬೆಳೆಯಲು ಏಳೆಂಟು ದಿನ ಸಾಕು, ಲದ್ದಿಯ ಮೇಲೆ ಇಟ್ಟ ಮೊಟ್ಟೆ ಮುಂದಿನ ವಾರ ನೆರೆಯವರ ಊಟದ ಬಟ್ಟಲಲ್ಲಿ ಕೂರುತ್ತದೆ. ಸರಿಯಾಗಿ ಬೆರೆತ ರಾಶಿ ನಾಲ್ಕೈದು ದಿನದಲ್ಲಿ ಕಾಯುತ್ತದೆ. ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ, ಹೆಚ್ಚು ಹೊತ್ತು ಹಿಡಿದುಕೊಳ್ಳಲಾಗದಷ್ಟು ಬಿಸಿ ಇರಬೇಕು. ಒಳಗೆ 55 ಡಿಗ್ರಿ ದಾಟಿದರೆ ಜಂತುವಿನ ಮೊಟ್ಟೆ, ನೊಣದ ಹುಳ ಎರಡೂ ಸಾಯುತ್ತವೆ. ಸರಳು ತಣ್ಣಗಿದ್ದು ಜಿಗುಟಾಗಿದ್ದರೆ ತರಗೆಲೆ ಸಾಲದು ಎಂದರ್ಥ. ಮೂರು ತಿಂಗಳು ಮಾಗಿದ ಗೊಬ್ಬರಕ್ಕೆ ಹೊಸ ಮಳೆಯ ಮಣ್ಣಿನ ವಾಸನೆ ಇರುತ್ತದೆ. ಮಲ್ಲಿಗೆಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಸಿ ಲದ್ದಿ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಗೆ ಮಾಗಿದ್ದನ್ನೂ ನಾನು ಹಾಕುವುದಿಲ್ಲ.

ನೆರೆಯವರು

ನಮ್ಮ ಮೂಡಿನ ಮನೆಯವರು ಮುಸ್ಲಿಮರು. ಗೂಡಿನ ಪಾಯ ತೆಗೆಯುವ ಮೊದಲೇ ನಾನೂ ನನ್ನ ಗಂಡನೂ ಅವರ ಮನೆಗೆ ಹೋಗಿ ವಿಷಯ ಹೇಳಿದೆವು. ಹಂದಿ ಅವರಿಗೆ ನಿಷಿದ್ಧ, ನಮಗೆ ಹಬ್ಬದ ಊಟ. ಇದನ್ನು ಮುಚ್ಚಿಟ್ಟು ಒಂದು ದಿನ ಅವರ ಕಿವಿಗೆ ಹಂದಿಯ ಕೂಗೇ ಮೊದಲು ಬೀಳುವಂತಾದರೆ ಅದು ಅನ್ಯಾಯ. ಮನೆಯ ಹಿರಿಯರು, ನಾವು ಕಾಕ ಎಂದು ಕರೆಯುವವರು, ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡೇ ಮಾತು ಕೇಳಿದರು. ಜಗಲಿಯಲ್ಲಿ ಕೂತಾಗ ಕಣ್ಣಿಗೆ ಕಾಣಬಾರದು, ನೀರು ಈಚೆ ಬರಬಾರದು. “ನಮಾಜಿಗೆ ಹೊರಟ ಬಟ್ಟೆಗೆ ಒಂದು ಹನಿ ತಾಗಿದರೂ ಮತ್ತೆ ತೊಳೆದು ಬದಲಾಯಿಸಬೇಕಮ್ಮಾ, ಅಷ್ಟೇ.” ಮೊದಲು ಅಂದುಕೊಂಡಿದ್ದ ಜಾಗ ಬಿಟ್ಟು ನಾವು ಗೂಡನ್ನು ಬಡಗಿಗೆ ಸರಿಸಿದ್ದು ಆ ಮಾತಿನ ಮೇಲೆ. ಅವರ ಬದಿಯ ಗೋಡೆ 6 ಅಡಿಗೆ ಏರಿತು. ಲದ್ದಿಯ ಬುಟ್ಟಿ, ಮೇವಿನ ಬಾಲ್ದಿ ಎಂದೂ ನಮ್ಮಿಬ್ಬರ ನಡುವಿನ ಕಾಲುದಾರಿಯಲ್ಲಿ ಹೋಗುವುದಿಲ್ಲ. ಸಂಜೆಯ ಮೇವಿನ ಹೊತ್ತನ್ನು ಆರೂವರೆಯಿಂದ ಐದಕ್ಕೆ ತಂದೆ, ಇಲ್ಲವಾದರೆ ಬಾಂಗ್ ಕೂಗುವ ಹೊತ್ತಿಗೇ ಹಂದಿಯೂ ಕೂಗುತ್ತಿತ್ತು.

ಕೂಗಿನ ವಿಷಯ ಹೇಳಬೇಕು. ಹಂದಿಯ ಕಿರಿಚಾಟ 100 ಡೆಸಿಬೆಲ್ ದಾಟುತ್ತದೆ. ಅದು ಹಸಿವಿಗಿಂತ ನಿರೀಕ್ಷೆಯ ಕೂಗು. ಬಾಲ್ದಿಯ ಸದ್ದು ಕೇಳಿದ ಕ್ಷಣದಿಂದ ಮೇವು ತೊಟ್ಟಿಗೆ ಬೀಳುವ ತನಕ ಕೂಗುತ್ತದೆ, ಬಿದ್ದ ಮೇಲೆ ಚಪ್ಪರಿಸುವ ಸದ್ದು ಮಾತ್ರ. ಆದುದರಿಂದ ಆ ನಡುವಿನ ಹೊತ್ತನ್ನು ಕುಗ್ಗಿಸಬೇಕು. ಮೇವನ್ನು ಅಡುಗೆ ಮನೆಯ ಬಳಿಯೇ ಕಲಸಿ, ಹೋದವರೇ ಗೋಡೆಯ ಹೊರಗಿನಿಂದ ಒಂದು ಅಗಲದ ಪಿವಿಸಿ ಪೈಪಿನ ಮೂಲಕ ತೊಟ್ಟಿಗೆ ಸುರಿದುಬಿಡಬೇಕು. ಹೊತ್ತು ದಿನವೂ ಒಂದೇ ಇರಲಿ. ತೊಟ್ಟಿಯಲ್ಲಿ ಒಂದೊಂದು ಹಂದಿಗೆ ಒಂದೂಕಾಲು ಅಡಿಯಾದರೂ ಜಾಗವಿರಲಿ, ಇಲ್ಲದಿದ್ದರೆ ಒಂದನ್ನೊಂದು ದೂಡಿ ಕಚ್ಚಿ ಮತ್ತೆ ಕೂಗು. ಒಂದೇ ಹಂದಿ ಸಾಕಿದರೆ ಗಲಾಟೆ ಕಡಿಮೆ ಎಂದುಕೊಳ್ಳುವವರಿದ್ದಾರೆ, ಅದು ತಪ್ಪು. ಹಂದಿ ಹಿಂಡಿನ ಪ್ರಾಣಿ, ಒಂಟಿಯಾದರೆ ಸರಿಯಾಗಿ ತಿನ್ನುವುದಿಲ್ಲ, ಮನುಷ್ಯರ ದನಿ ಕೇಳಿದಾಗೆಲ್ಲ ಕರೆಯುತ್ತದೆ.

ಕಾಗದದ ಕೆಲಸವನ್ನೂ ಮಾಡಿಕೊಳ್ಳಿ. ಪುರಸಭೆ, ನಗರಸಭೆಯ ಗಡಿಯೊಳಗೆ ಅನುಮತಿಯಿಲ್ಲದೆ ಹಂದಿ ಸಾಕುವಂತಿಲ್ಲ. ಗ್ರಾಮ ಪಂಚಾಯತ್ ಆದರೂ ಅರ್ಜಿ ಕೊಟ್ಟು ಬರಹದಲ್ಲೇ ಒಪ್ಪಿಗೆ ಪಡೆಯಿರಿ. ನೆರೆಯವರು ದೂರಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 133 ಆಗಿತ್ತು, ಸಾರ್ವಜನಿಕ ಉಪದ್ರವ ಎಂದು ಗೂಡನ್ನು ತೆಗೆಸಲು ಉಪವಿಭಾಗಾಧಿಕಾರಿ ಆದೇಶ ಮಾಡಬಹುದು.

ಮರಿ ಯಾವಾಗ ತರಬೇಕು

ಏಪ್ರಿಲ್‌ನಲ್ಲಿ. ಎರಡು ತಿಂಗಳ, ಹಾಲು ಬಿಟ್ಟ, ಹತ್ತು ಕಿಲೋ ಆಸುಪಾಸಿನ ಮರಿಗಳು. ದೊಡ್ಡ ಹಂದಿಗೆ ಸೆಕೆ ತಡೆಯುವುದಿಲ್ಲ, ಮರಿಗೆ ತಡೆಯುತ್ತದೆ. ಏಪ್ರಿಲ್‌ನಲ್ಲಿ ತಂದರೆ ಬೇಸಿಗೆಯಲ್ಲಿ ಅವು ಸಣ್ಣವು, ಮಳೆಗಾಲದಲ್ಲಿ ನಡುಪ್ರಾಯದವು. ದೊಡ್ಡದಾಗಿ ಲದ್ದಿ ಹೆಚ್ಚುವ ಹೊತ್ತಿಗೆ ಮಳೆ ನಿಂತು ಎಲ್ಲವೂ ಒಣಗಲು ತೊಡಗಿರುತ್ತದೆ, ಕ್ರಿಸ್ಮಸ್ ಹೊತ್ತಿಗೆ ಹತ್ತು ತಿಂಗಳು ತುಂಬಿ 90 ಕಿಲೋ ಮುಟ್ಟಿರುತ್ತವೆ. ಅಕ್ಟೋಬರಿನಲ್ಲಿ ತಂದವರು ಮೇ ತಿಂಗಳ ಸೆಕೆಯಲ್ಲಿ 80 ಕಿಲೋದ ಹಂದಿಗಳಿಗೆ ದಿನವಿಡೀ ನೀರು ಸುರಿಯುತ್ತಾ ಕೂರಬೇಕಾಗುತ್ತದೆ.

ನಮ್ಮ ಕಡೆ ಸಿಗುವುದು ಹೆಚ್ಚಾಗಿ ಬಿಳಿಯ ಯಾರ್ಕ್‌ಶೈರ್ ಅಥವಾ ಅದರ ಮಿಶ್ರತಳಿ. ಗಂಡಾದರೆ ಬೀಜ ತೆಗೆಸಿದ ಮರಿಯನ್ನೇ ಕೇಳಿ ತನ್ನಿ. ಪ್ರಾಯಕ್ಕೆ ಬಂದ ಗಂಡಿನ ಮೈಯಲ್ಲಿ ಆಂಡ್ರೊಸ್ಟಿನೋನ್ ಎಂಬ ರಸ ಕೊಬ್ಬಿಗೆ ಸೇರಿ ಗೂಡಿಗೂ ಮಾಂಸಕ್ಕೂ ಗಬ್ಬು ವಾಸನೆ ಬರಿಸುತ್ತದೆ. ತಂದ ವಾರದಲ್ಲೇ ಪಶುವೈದ್ಯರಿಂದ ಜಂತುಹುಳದ ಔಷಧ, ಹಂದಿ ಜ್ವರದ ಲಸಿಕೆ.

ಮೇವಿನ ಲೆಕ್ಕವನ್ನು ರೂಪಾಯಿಯಲ್ಲಿ ಬರೆದರೆ ಆರು ತಿಂಗಳಿಗೆ ಹಳತಾಗುತ್ತದೆ, ಕಿಲೋದಲ್ಲಿ ಹೇಳುತ್ತೇನೆ. ಒಂದು ಕಿಲೋ ಮೈ ಬೆಳೆಯಲು ಮೂರೂವರೆಯಿಂದ ನಾಲ್ಕು ಕಿಲೋ ಒಣ ಮೇವು ಬೇಕು. ಹತ್ತರಿಂದ ತೊಂಬತ್ತು ಕಿಲೋಗೆ ಬೆಳೆಸಲು 300 ಕಿಲೋ ಹಿಡಿಯಿರಿ, ಎರಡಕ್ಕೆ 600. ಜೋಳದ ನುಚ್ಚು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಸ್ವಲ್ಪ ಒಣಮೀನಿನ ಪುಡಿ, ಖನಿಜ ಮಿಶ್ರಣ. ಹಿತ್ತಿಲಿನ ಹಲಸು, ಪಪ್ಪಾಯಿ, ಬಾಳೆದಿಂಡು ಇದರ ಮೂರನೇ ಒಂದು ಭಾಗವನ್ನು ಉಳಿಸುತ್ತವೆ. ಕೆಸುವಿನ ಎಲೆ, ಮರಗೆಣಸು ಬೇಯಿಸದೆ ಹಾಕಬಾರದು, ಮೊದಲನೆಯದು ಬಾಯಿ ತುರಿಸುತ್ತದೆ, ಎರಡನೆಯದರಲ್ಲಿ ಸಯನೈಡ್ ಅಂಶವಿದೆ. ಉಪ್ಪಿನಕಾಯಿ, ಉಪ್ಪುಮೀನಿನ ಮುಸುರೆ ಬೇಡವೇ ಬೇಡ. ಉಪ್ಪು ತಿಂದು ಕುಡಿಯಲು ನೀರು ಸಾಲದಿದ್ದರೆ ಹಂದಿಗೆ ಮಿದುಳು ಊದಿ ಒಂದೆರಡು ದಿನದಲ್ಲಿ ಸಾಯುತ್ತದೆ. ಬೆಳೆದ ಹಂದಿ ದಿನಕ್ಕೆ ಏಳೆಂಟು ಲೀಟರ್ ನೀರು ಕುಡಿಯುತ್ತದೆ, ತೊಟ್ಟಿ ಖಾಲಿ ಇರಲೇಬಾರದು.

ರೋಗ

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು 2022ರ ಜುಲೈಗೆ ಕೊಡಗಿನ ಪಕ್ಕದ ವಯನಾಡಿಗೆ ಬಂತು. ಮನುಷ್ಯರಿಗೆ ಇದು ತಗಲುವುದಿಲ್ಲ. ಹಂದಿಗೆ ತಗಲಿದರೆ ಉಳಿಯುವುದು ಅಪರೂಪ: 41 ಡಿಗ್ರಿ ಮೀರಿದ ಜ್ವರ, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗುವುದು, ಸಾವು. ಹಂದಿ ಜ್ವರ ಎಂದು ನಾವು ಲಸಿಕೆ ಹಾಕಿಸುವುದು ಬೇರೆ ರೋಗಕ್ಕೆ, ಆ ಲಸಿಕೆ ಇದಕ್ಕೆ ನಾಟುವುದಿಲ್ಲ. ಒಂದು ಕಡೆ ದೃಢವಾದರೆ ಸುತ್ತ 1 ಕಿಲೋಮೀಟರಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ವೈರಸ್ ಹಂದಿಮಾಂಸದೊಳಗೆ ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ಹೋಟೆಲಿನ ಉಳಿಕೆಯ ಡ್ರಮ್ಮುಗಳೇ ಅದರ ದೊಡ್ಡ ದಾರಿ. ಎರಡು ಹಂದಿಗೆ ಹೋಟೆಲಿನ ಮುಸುರೆಯ ಅಗತ್ಯವಿಲ್ಲ. ಮನೆಯ ಮುಸುರೆಯನ್ನೂ ಕುದಿ ಬಂದ ಮೇಲೆ ಅರ್ಧ ಗಂಟೆ ಕೈಯಾಡಿಸುತ್ತಾ ಬೇಯಿಸಿಯೇ ಹಾಕಿ. ಹಂದಿಮಾಂಸ ತೊಳೆದ ನೀರು ಕೂಡ ಅದಕ್ಕೆ ಸೇರಬಾರದು. ಬೇರೆ ಗೂಡಿಗೆ ಹೋಗಿ ಬಂದ ಚಪ್ಪಲಿ, ವ್ಯಾಪಾರಿಯ ಟೆಂಪೊ ಗೂಡಿನ ಹತ್ತಿರ ಬರಬಾರದು.

ನೆರೆಯವರು ಭಯದಿಂದ ಕೇಳುವುದು ಮಿದುಳು ಜ್ವರದ ಬಗ್ಗೆ. ಆ ಭಯಕ್ಕೆ ಆಧಾರವಿದೆ. ಜಪಾನೀಸ್ ಎನ್ಸೆಫಲೈಟಿಸ್‌ನ ವೈರಸ್ ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಇರುತ್ತದೆ. ಗದ್ದೆಯ ನೀರಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ ದಾಟಿಸಿದರೆ ಹಂದಿಯ ರಕ್ತದಲ್ಲಿ ಅದು ಬಹಳವಾಗಿ ಹೆಚ್ಚುತ್ತದೆ, ಅಲ್ಲಿಂದ ಮತ್ತೆ ಸೊಳ್ಳೆಗೆ, ಸೊಳ್ಳೆಯಿಂದ ಮಕ್ಕಳಿಗೆ. ಹಂದಿ ಮುಟ್ಟಿದರೆ, ತಿಂದರೆ ಬರುವ ರೋಗವಲ್ಲ. ಸೊಳ್ಳೆ ದೂರ ಹಾರುವುದರಿಂದ ಗೂಡನ್ನು ಹತ್ತಡಿ ಸರಿಸಿ ಸಮಾಧಾನಪಡುವಂತಿಲ್ಲ. ಸಂಜೆಯಿಂದ ಬೆಳಗಿನ ತನಕ ಗೂಡಿನ ಮೂರೂ ಬದಿಗೆ ಸೊಳ್ಳೆಪರದೆ ಇಳಿಬಿಡುವುದು, ಸುತ್ತ ನೀರು ನಿಲ್ಲದಂತೆ ನೋಡುವುದು, ನಮ್ಮ ಮನೆಯ ಮತ್ತು ಸುತ್ತಲಿನ ಮಕ್ಕಳಿಗೆ ಲಸಿಕೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ನಮ್ಮ ಹೊಣೆ. ಅದನ್ನು ಮಾಡಲಾಗದವರು ಗದ್ದೆಯ ಬದಿಯಲ್ಲಿ ಹಂದಿ ಸಾಕಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಲಾಡಿ ಹುಳದ ಬಗ್ಗೆ ಜನರಲ್ಲಿ ಅರ್ಧ ತಿಳಿವಳಿಕೆ ಇದೆ. ಸರಿಯಾಗಿ ಬೇಯದ ಮಾಂಸದಿಂದ ಹೊಟ್ಟೆಗೆ ಹುಳ ಬರುತ್ತದೆ, ನಿಜ. ಮಿದುಳಿಗೆ ಹೋಗಿ ಅಪಸ್ಮಾರ ತರುವುದು ಮಾತ್ರ ಮಾಂಸದಿಂದಲ್ಲ. ಹುಳವಿರುವ ಮನುಷ್ಯನ ಮಲದಲ್ಲಿರುವ ಮೊಟ್ಟೆ ಕೈಯಿಂದ, ನೀರಿನಿಂದ, ಹಸಿ ತರಕಾರಿಯಿಂದ ಬಾಯಿಗೆ ಹೋದರೆ ಬರುವುದು. ಹಂದಿಗೂ ಅದು ಮನುಷ್ಯನ ಮಲ ತಿಂದೇ ಬರುವುದು. ಬಯಲುಸೀಮೆಯಲ್ಲಿ ಹಂದಿಜೋಗಿ, ಕೊರಮ ಸಮುದಾಯದವರು ತಲೆತಲಾಂತರದಿಂದ ಹಂದಿ ಸಾಕಿದವರು, ಹಂದಿಯ ಸ್ವಭಾವ ಅವರಷ್ಟು ಬಲ್ಲವರಿಲ್ಲ. ಊರಿನವರು ಬಯಲಿಗೆ ಹೋಗುತ್ತಿದ್ದುದರಿಂದ ಬಂದ ರೋಗಕ್ಕೆ ಅವರ ಹಂದಿಯನ್ನೂ ಅವರನ್ನೂ ಹಳಿದದ್ದು ದೊಡ್ಡ ತಪ್ಪು. ಗೂಡಲ್ಲೇ ಬೆಳೆದು, ಬೇಯಿಸಿದ್ದು ತಿಂದ ಹಂದಿಗೆ ಈ ಹುಳ ಬರಲು ದಾರಿಯಿಲ್ಲ.

ಗೂಡನ್ನು ಮಾವು, ಪೇರಳೆ ಮರದಡಿ ಕಟ್ಟಬೇಡಿ. 1998-99ರಲ್ಲಿ ಮಲೇಷ್ಯಾದಲ್ಲಿ ಬಾವಲಿ ತಿಂದು ಬೀಳಿಸಿದ ಹಣ್ಣಿನಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ನಿಪಾ ದಾಟಿತು. ಕೇರಳದ ನಿಪಾದಲ್ಲಿ ಹಂದಿಯ ಪಾತ್ರವಿರಲಿಲ್ಲ, ಆದರೂ ಬಾವಲಿಗಳು ನಮ್ಮಲ್ಲೂ ಇವೆ.

ಕೊಡುವ ದಿನ

ವ್ಯಾಪಾರಿ ಬೇಲಿಯ ಹೊರಗೆ ನಿಂತು ಕಣ್ಣಲ್ಲೇ ತೂಕ ಹೇಳುತ್ತಾನೆ. ನಿಮ್ಮ ಹತ್ತಿರ ದರ್ಜಿಯ ಟೇಪ್ ಇರಲಿ. ಹಂದಿ ಮೇವು ತಿನ್ನುತ್ತಾ ನಿಂತಾಗ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದ ತನಕ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 880ರಿಂದ ಭಾಗಿಸಿ. ಸುತ್ತಳತೆ 44, ಉದ್ದ 42 ಇಂಚಾದರೆ 92 ಕಿಲೋ. ನಾಲ್ಕೈದು ಕಿಲೋ ಆಚೀಚೆ ಆಗಬಹುದು, ಆದರೆ ಎಂಬತ್ತು ಎಂದವನ ಮಾತಿಗೆ ತಲೆಯಾಡಿಸಬೇಕಾಗುವುದಿಲ್ಲ.

ಹಿತ್ತಿಲಲ್ಲೇ ಕೊಯ್ಯುವ ಹಳೆಯ ರೂಢಿಯನ್ನು ನಾವು ಬಿಟ್ಟಿದ್ದೇವೆ. ಆ ಕೂಗು ಎರಡೂ ಮನೆಯ ಮಕ್ಕಳ ಕಿವಿಗೆ ಬೀಳುತ್ತದೆ, ರಕ್ತದ ನೀರಿಗೆ ಜಾಗವಿಲ್ಲ. ಜೀವಂತವಾಗಿಯೇ ಮಾರಿ, ನಮಗೆ ಬೇಕಾದಷ್ಟು ಮಾಂಸವನ್ನು ಅಲ್ಲಿಂದಲೇ ತರುತ್ತೇವೆ. ಟೆಂಪೊಗೆ ಏರಿಸುವಾಗ ಕಿವಿ, ಕಾಲು ಹಿಡಿದು ಎಳೆದರೆ ಊರಿಗೆಲ್ಲ ಕೇಳುವಂತೆ ಕಿರಿಚುತ್ತದೆ, ಒಂದು ಹೆಜ್ಜೆಯೂ ಮುಂದೆ ಬರುವುದಿಲ್ಲ. ನನಗೆ ಇದನ್ನು ತೋರಿಸಿಕೊಟ್ಟದ್ದು ಒಬ್ಬ ಹಳೆಯ ವ್ಯಾಪಾರಿ: ಖಾಲಿ ಬಾಲ್ದಿಯನ್ನು ಹಂದಿಯ ತಲೆಗೆ ಕವಿಚಿ ಹಾಕಿದ. ಕತ್ತಲಾದದ್ದೇ ಅದು ತಪ್ಪಿಸಿಕೊಳ್ಳಲು ಹಿಂದೆ ಹಿಂದೆ ನಡೆಯತೊಡಗಿತು. ಬಾಲವನ್ನು ಮೆಲ್ಲಗೆ ಹಿಡಿದು ದಿಕ್ಕು ತಿದ್ದುತ್ತಾ, ಹಲಗೆಯ ಮೇಲೆ ಹಿಮ್ಮುಖವಾಗಿಯೇ ಟೆಂಪೊದೊಳಗೆ ಸೇರಿಸಿಬಿಟ್ಟ, ಒಂದು ಕೂಗೂ ಇಲ್ಲ. ಹಿಂದಿನ ರಾತ್ರಿಯ ಮೇವು ಕೊಡದೆ, ಬೆಳಗಿನ ತಂಪಿಗೆ ಹೊರಡಿಸಬೇಕು, ಹೊರಡುವ ಮೊದಲು ಮೈಗೆ ಎರಡು ಕೊಡ ನೀರು.

ಅವು ಹೋದ ದಿನ ಗೂಡಿನ ಹುಲ್ಲೆಲ್ಲ ಗೊಬ್ಬರದ ಗುಂಡಿಗೆ. ಮರುದಿನ ಸೋಪಿನ ನೀರಲ್ಲಿ ಉಜ್ಜಿ, ಒಣಗಿದ ಮೇಲೆ ಗೋಡೆ, ನೆಲಕ್ಕೆ ಸುಣ್ಣ. ಒಂದು ತಿಂಗಳಾದರೂ ಬಾಗಿಲು ತೆರೆದು ಬಿಸಿಲಿಗೆ ಬಿಡುತ್ತೇನೆ. ನಮ್ಮ ಗೂಡು ಜನವರಿಯಿಂದ ಮಾರ್ಚ್ ತನಕ ಖಾಲಿಯೇ. ಆ ಮೂರು ತಿಂಗಳಲ್ಲಿ ಮಾಗಿದ ಗೊಬ್ಬರ ತೆಗೆದು ಮಲ್ಲಿಗೆಗೆ ಹಾಕುವ ಕೆಲಸ. ಮೂಡಿನ ಮನೆಗೆ ಹಟ್ಟಿಗೊಬ್ಬರ ಬೇಕಾದಾಗ ನಾವು ಬೇರೆ ಕಡೆಯಿಂದ ತರಿಸಿಕೊಡುತ್ತೇವೆ, ನಮ್ಮದನ್ನು ಕೊಡುವುದಿಲ್ಲ. ಪಡುವಿನ ಮನೆಯ ಅಕ್ಕ ಫೆಬ್ರವರಿ ಮೊದಲ ವಾರ ಎರಡು ಬುಟ್ಟಿ ತಂದು ಬೇಲಿಯಾಚೆಯಿಂದ ನೀಡುತ್ತಾರೆ, ಅವರಿಗೂ ಹದಿನೆಂಟು ಮಲ್ಲಿಗೆ ಗಿಡ ಇದೆ.